ಹಳೆಯ ಟ್ರಾಂಬೋನ್ ಕೊಳ್ಳುವಾಗ ಬೆಲ್ ಆಮೇಲೆ, ಸ್ಲೈಡ್ ಮೊದಲು

ಟ್ರಾಂಬೋನ್ ಅಂದರೆ ಬಾಯಿಂದ ಊದುವ ಉದ್ದನೆಯ ಹಿತ್ತಾಳೆ ವಾದ್ಯ. ಅದನ್ನು ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಬೆಲ್ ಮೇಲೆ. ಅಗಲವಾದ ಬಾಯಿ, ಹೊಳಪು, ಬಳ್ಳಿ ಹೂವಿನ ಕೆತ್ತನೆಯ ನಡುವೆ ಕಂಪನಿಯ ಹೆಸರು. ನನಗೂ ಹಾಗೇ ಆಗಿತ್ತು. ಹೈಸ್ಕೂಲ್ ಬ್ಯಾಂಡಿಗೆ ಸೇರಿದ ಮಗನಿಗೆಂದು ನಾನು ಮೊದಲು ಆರಿಸಿದ ಹಳೆಯ ಟ್ರಾಂಬೋನಿನ ಬೆಲ್ಲಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮನೆಗೆ ತಂದು ಸ್ಲೈಡನ್ನು, ಅಂದರೆ ಹಿಂದೆ ಮುಂದೆ ಜಾರುವ ಕೊಳವೆಯನ್ನು, ಅರ್ಧ ದಾಟಿಸಿದೆವು. ಮರಳಿನ ಮೇಲೆ ಪಾತ್ರೆ ಎಳೆದ ಹಾಗೆ ಕರಕರ ಅಂದಿತು. ಆ ಬೆಲ್ ಅಷ್ಟು ಹೊಳೆಯುತ್ತಿದ್ದದ್ದಕ್ಕೂ ಒಂದು ಕಾರಣ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಟ್ರಾಂಬೋನ್ ಅಂದರೆ ಸ್ಲೈಡ್. ಉಳಿದದ್ದೆಲ್ಲ ಅದಕ್ಕೆ ಜೋಡಿಸಿದ ಕೊಳವೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿಸಬಹುದು, ಆದರೆ ಹಳೆಯ ವಾದ್ಯ ಆರಿಸುವಾಗ ಹೀಗೆ ಯೋಚಿಸಿದರೆ ಮೋಸ ಹೋಗುವುದು ಕಡಿಮೆ.

ಯಾಕೆ ಅಂತ ನೋಡಿ. ಟ್ರಂಪೆಟ್‌ನಲ್ಲಿ ಮೂರು ಗುಂಡಿ ಒತ್ತಿ ಸ್ವರ ಬದಲಿಸುತ್ತಾರೆ. ಟ್ರಾಂಬೋನಿನಲ್ಲಿ ಕೊಳವೆಯ ಉದ್ದವನ್ನೇ ಕೈಯಿಂದ ಹೆಚ್ಚಿಸುತ್ತಾರೆ. ಸ್ಲೈಡ್ ಪೂರ್ತಿ ಒಳಗಿದ್ದಾಗ ಇಡೀ ಕೊಳವೆ ಸುಮಾರು 2.7 ಮೀಟರ್. ಅಲ್ಲಿಂದ ಒಂದೊಂದು ಪೊಸಿಷನ್ ಹೊರಗೆ ಹೋದಂತೆ ಸ್ವರ ಅರ್ಧರ್ಧ ಮೆಟ್ಟಿಲು ಇಳಿಯುತ್ತದೆ. ಒಟ್ಟು 7 ಪೊಸಿಷನ್. ಏಳನೆಯದಕ್ಕೆ ಕೈ ಸುಮಾರು 2 ಅಡಿ ಚಾಚಬೇಕು. ಇದಕ್ಕೆಲ್ಲ ಎರಡು ನೇರ ಒಳಕೊಳವೆಗಳಿವೆ, ಅವುಗಳ ಮೇಲೆ ಓಡಾಡುವ ಯು ಆಕಾರದ ಹೊರಕೊಳವೆ ಇದೆ. ನಡುವಿನ ಸಂದು ಕೂದಲೆಳೆಯಷ್ಟು. ಆ ಸಂದಿನಿಂದ ಗಾಳಿ ಸೋರಬಾರದು, ಆದರೆ ಕೊಳವೆ ಉಜ್ಜಲೂಬಾರದು. ಎರಡೂ ಒಟ್ಟಿಗೆ ಸರಿ ಇರಬೇಕು ಅಂದರೆ ನಾಲ್ಕು ಕೊಳವೆಗಳೂ ನೇರವಾಗಿರಬೇಕು, ಒಂದಕ್ಕೊಂದು ಸಮಾನಾಂತರವಾಗಿರಬೇಕು. ಕುರ್ಚಿಗೆ ಒಂದು ಸಲ ತಾಗಿದರೂ ಲೆಕ್ಕ ತಪ್ಪುತ್ತದೆ.

ದಿನಾ ಒಂದು ಗಂಟೆ ಅಭ್ಯಾಸ ಮಾಡುವ ವಿದ್ಯಾರ್ಥಿಯ ಕೈ ಸಾವಿರಾರು ಸಲ ಹಿಂದೆ ಮುಂದೆ ಹೋಗುತ್ತದೆ. ಸ್ಲೈಡ್ ತಡೆಯುತ್ತಿದ್ದರೆ ಮಗು ಕಲಿಯುವುದು ಸಂಗೀತವಲ್ಲ, ಕುಸ್ತಿ. ತಪ್ಪು ತನ್ನದೇ ಅಂತ ಅಂದುಕೊಳ್ಳುತ್ತದೆ ಬೇರೆ.

ಹಾಗಾದರೆ ಹೊಸದೇ ಕೊಳ್ಳಬಾರದಾ? ಕೊಳ್ಳಬಹುದು. ಆದರೆ ಹಿತ್ತಾಳೆ ವಾದ್ಯ ಫೋನಿನ ಹಾಗೆ ನಾಲ್ಕೇ ವರ್ಷಕ್ಕೆ ಹಳತಾಗುವುದಿಲ್ಲ. ಕಾನ್ 88ಎಚ್, ಬಾಕ್ 42, ಕಿಂಗ್ 3ಬಿ ಮಾದರಿಗಳು ಇವತ್ತಿಗೂ ಅದೇ ಹೆಸರಿನಲ್ಲಿ ತಯಾರಾಗುತ್ತಿವೆ. 1960ರ ಸುಮಾರಿನ ಒಂದು ಒಳ್ಳೆಯ ಟ್ರಾಂಬೋನನ್ನು ಚೆನ್ನಾಗಿ ನೋಡಿಕೊಂಡಿದ್ದರೆ, ಹೆಸರಿಲ್ಲದ ಅಗ್ಗದ ಹೊಸ ವಾದ್ಯಕ್ಕಿಂತ ಅದೇ ಮೇಲು. ತೊಂದರೆ ಇರುವುದು ಆ "ಚೆನ್ನಾಗಿ ನೋಡಿಕೊಂಡಿದ್ದರೆ" ಅನ್ನುವ ಮಾತಿನಲ್ಲಿ. ಮಾರುವವರೆಲ್ಲ ಹಾಗೇ ಹೇಳುತ್ತಾರೆ. "ವಿಂಟೇಜ್" ಅನ್ನುವ ಪದಕ್ಕಂತೂ ಬೆಲೆಯೇ ಇಲ್ಲ. ಅಟ್ಟದಲ್ಲಿ ಧೂಳು ತಿಂದದ್ದೂ ವಿಂಟೇಜ್, ಅಪರೂಪದ್ದೂ ವಿಂಟೇಜ್.

ಸ್ಲೈಡ್ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಉಪಕರಣ ಏನೂ ಬೇಡ. ಮೊದಲು ಬೆಲ್ ಭಾಗವನ್ನು ಬಿಚ್ಚಿ ಪಕ್ಕಕ್ಕಿಡಿ. ಹೊರಗಿನ ಸ್ಲೈಡನ್ನು ಪೂರ್ತಿ ಕಳಚಿ, ಒಳಕೊಳವೆಗಳನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ಅವುಗಳಿಗೆ ಸಾಮಾನ್ಯವಾಗಿ ಕ್ರೋಮ್ ಲೇಪ ಇರುತ್ತದೆ. ತುದಿಯ ಕೆಲವು ಇಂಚು ಮಾತ್ರ ಕೊಂಚ ದಪ್ಪ. ಹೊರಕೊಳವೆಗೆ ನಿಜವಾಗಿ ತಾಗಿ ಓಡಾಡುವುದು ಆ ಭಾಗವೇ. ಅದನ್ನು ಸ್ಟಾಕಿಂಗ್ ಅನ್ನುತ್ತಾರೆ, ಕಾಲುಚೀಲ ಹಾಕಿದ ಹಾಗೆ. ಅಲ್ಲಿ ಲೇಪ ಸವೆದು ಹಳದಿ ಇಣುಕುತ್ತಿದೆಯಾ? ಉದ್ದಕ್ಕೆ ಗೀರು ಬಿದ್ದಿದೆಯಾ? ಸಣ್ಣ ಮಸುಕು ಇದ್ದರೆ ಪರವಾಗಿಲ್ಲ. ಲೇಪ ಚಕ್ಕೆ ಚಕ್ಕೆಯಾಗಿ ಎದ್ದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಎಷ್ಟು ಎಣ್ಣೆ, ಕ್ರೀಮ್ ಹಾಕಿದರೂ ಅದು ಸರಿಹೋಗುವುದಿಲ್ಲ.

ಮುಂದಿನ ಹೆಜ್ಜೆ ಬಹಳ ಜನರಿಗೆ ಗೊತ್ತಿಲ್ಲ. ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದೂ ಇದೇ. ಹೊರಸ್ಲೈಡಿನ ಎರಡೂ ಕಾಲುಗಳನ್ನು ಒಟ್ಟಿಗೆ ಹಾಕಬೇಡಿ. ಒಂದೇ ಒಳಕೊಳವೆಗೆ ಅದರ ಜೋಡಿ ಹೊರಕೊಳವೆಯನ್ನು ಮಾತ್ರ ಏರಿಸಿ, ಇನ್ನೊಂದು ಕಾಲು ಪಕ್ಕಕ್ಕೆ ತಿರುಗಿ ಗಾಳಿಯಲ್ಲಿರಲಿ. ತುದಿಯಿಂದ ತುದಿವರೆಗೆ ಮೆಲ್ಲಗೆ ಓಡಿಸಿ. ಆಮೇಲೆ ಇನ್ನೊಂದು ಕಾಲಿಗೂ ಹಾಗೇ ಮಾಡಿ. ಎರಡೂ ಬೇರೆ ಬೇರೆಯಾಗಿ ನೀರಿನ ಹಾಗೆ ಹರಿದು, ಒಟ್ಟಿಗೆ ಹಾಕಿದಾಗ ಮಾತ್ರ ತಡೆದರೆ, ಕೊಳವೆಗಳು ಸರಿ ಇವೆ, ಜೋಡಣೆ ಮಾತ್ರ ವಾರೆಯಾಗಿದೆ ಅಂತ ಅರ್ಥ. ಹಿತ್ತಾಳೆ ವಾದ್ಯ ರಿಪೇರಿ ಮಾಡುವವರಿಗೆ ಅದು ದಿನದ ಕೆಲಸ. ಆದರೆ ಒಂಟಿ ಕಾಲೇ ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ, ಆ ಕೊಳವೆ ಬಗ್ಗಿದೆ ಅಥವಾ ಅಲ್ಲಿ ನಗ್ಗಿದೆ. ಎಲ್ಲಿ ಸಿಕ್ಕಿತೋ ಅಲ್ಲಿ ಹೊರಗಡೆ ಬೆರಳ ತುದಿಯಿಂದ ಸವರಿ. ಕಣ್ಣಿಗೆ ಕಾಣದ ನಗ್ಗು ಬೆರಳಿಗೆ ಸಿಗುತ್ತದೆ. ಒಂದು ಸಣ್ಣ ನಗ್ಗನ್ನು ತೆಗೆಯಬಹುದು. ಇಡೀ ಕೊಳವೆ ಸವೆದಿದ್ದರೆ ಹೊಸ ಕೊಳವೆಯೇ ಗತಿ. ಆಗ ಮೂಗಿಗಿಂತ ಮೂಗುತಿ ಭಾರ.

ನನ್ನ ಮೊದಲ ವಾದ್ಯ ಎರಡನೇ ಜಾತಿಗೆ ಸೇರಿತ್ತು. ಕೆಳಗಿನ ಕಾಲಿನಲ್ಲಿ ನಗ್ಗು ಇತ್ತು. ಒಳಕೊಳವೆಯ ಕ್ರೋಮ್ ಅರ್ಧ ಹೋಗಿತ್ತು.

ಎರಡೂ ಕಾಲು ಸೇರಿಸಿದ ಮೇಲೆ ಇನ್ನೆರಡು ಪರೀಕ್ಷೆ ಬಾಕಿ. ಸ್ಲೈಡನ್ನು ಮುಚ್ಚಿ ನೇರವಾಗಿ ನಿಲ್ಲಿಸಿ ಹಿಡಿಯಿರಿ. ಕೆಳಗೆ ಒಂದು ಕೈ ಇಟ್ಟುಕೊಂಡು ಲಾಕ್ ತೆಗೆಯಿರಿ. ಸ್ವಲ್ಪ ಎಣ್ಣೆ ಹಚ್ಚಿದ ಸ್ಲೈಡ್ ತನ್ನ ಭಾರಕ್ಕೆ ತಾನೇ ಸರ್ರನೆ ಜಾರಬೇಕು. ಕೈ ಇಡಲು ಮರೆತರೆ ಅವತ್ತೇ ಹೊಸ ನಗ್ಗು ಗ್ಯಾರಂಟಿ. ಇನ್ನೊಂದು, ಗಾಳಿ ಸೋರುವುದರ ಪರೀಕ್ಷೆ. ಸ್ಲೈಡಿನ ಮೇಲಿನ ಎರಡೂ ಬಾಯಿಗಳನ್ನು ಬಿಗಿಯಾಗಿ ಮುಚ್ಚಿ, ಜೊತೆಯಲ್ಲಿರುವವರಿಗೆ ಹೊರಸ್ಲೈಡನ್ನು ಒಂದು ಗೇಣು ಎಳೆದು ಬಿಡಲು ಹೇಳಿ. ಒಳಗಿನ ಗಾಳಿ ತೆಳುವಾಗಿ ಅದು ಹಿಂದಕ್ಕೆ ಎಳೆಯಬೇಕು. ಸುಮ್ನೆ ಎಳೆದಲ್ಲೇ ನಿಂತರೆ ಎಲ್ಲೋ ಸೋರುತ್ತಿದೆ. ಗಾಬರಿಯಾಗುವ ಮುಂಚೆ ತುದಿಯಲ್ಲಿರುವ, ಒಳಗೆ ಸೇರಿದ ನೀರನ್ನು ಹೊರಬಿಡುವ ಕೀಲಿಯನ್ನು ನೋಡಿ. ಅದರ ಕಾರ್ಕ್ ಒಣಗಿ ಹೋಗಿದ್ದರೂ ಹೀಗಾಗುತ್ತದೆ, ಮತ್ತು ಅದನ್ನು ಬದಲಿಸುವುದು ಐದು ನಿಮಿಷದ ಕೆಲಸ.

ಸ್ಲೈಡ್ ಪಾಸಾಯಿತು ಅಂದುಕೊಳ್ಳಿ. ಈಗ ಬಣ್ಣ ನೋಡಬೇಕು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುವುದು ನಮಗೆಲ್ಲ ಗೊತ್ತು. ಟ್ರಾಂಬೋನಿಗೆ ಅದು ದೊಡ್ಡ ವಿಷಯವಲ್ಲ, ಉಜ್ಜಿದರೆ ಹೋಗುತ್ತದೆ. ಹೆದರಬೇಕಾದದ್ದು ಗುಲಾಬಿ ಚುಕ್ಕೆಗಳಿಗೆ. ಸಾಧಾರಣ ಹಳದಿ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ನುಡಿಸುವಾಗ ಒಳಗೆ ಸೇರುವ ಎಂಜಲು ವರ್ಷಗಟ್ಟಲೆ ಅಲ್ಲೇ ಉಳಿದರೆ ಸತುವನ್ನು ಕರಗಿಸಿ ತೆಗೆದುಬಿಡುತ್ತದೆ. ಉಳಿಯುವುದು ಸ್ಪಂಜಿನಂಥ ತಾಮ್ರ, ಅದಕ್ಕೇ ಗುಲಾಬಿ ಬಣ್ಣ. ರಿಪೇರಿಯವರು ಇದನ್ನು ರೆಡ್ ರಾಟ್ ಅನ್ನುತ್ತಾರೆ. ಕಿಲುಬು ಹೊರಗಿನಿಂದ ಒಳಕ್ಕೆ, ಇದು ಒಳಗಿನಿಂದ ಹೊರಕ್ಕೆ. ನಿಮ್ಮ ಕಣ್ಣಿಗೆ ಚುಕ್ಕೆ ಕಾಣುವ ಹೊತ್ತಿಗೆ ಒಳಗೆ ಲೋಹ ತೆಳುವಾಗಿರುತ್ತದೆ. ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ಕಪ್ಪು ಕಂಡರಂತೂ ತೂತು ಬೀಳುವುದು ಬಾಕಿ ಅಷ್ಟೆ. ಹೊರಸ್ಲೈಡಿನ ಕೊಳವೆ, ಅದರ ತುದಿಯ ತಿರುವು, ಬೆಲ್ ಭಾಗ ಶುರುವಾಗುವ ಬಾಗಿದ ಕೊಳವೆ, ಈ ಮೂರು ಕಡೆ ಹುಡುಕಿ. ಬಾಗಿದ ಕೊಳವೆಯಲ್ಲಾದರೆ ತೇಪೆ ಹಾಕಬಹುದು. ಸ್ಲೈಡಿನ ಮೇಲೆ ಕಂಡರೆ ನಾನಂತೂ ಕೊಳ್ಳುವುದಿಲ್ಲ.

ಈಗ ಆ ಹೊಳಪಿನ ಕಥೆ. ಹಳೆಯ ಟ್ರಾಂಬೋನ್ ಸಹಜವಾಗಿ ಮಂಕಾಗಿರುತ್ತದೆ. ಕೈ ಹಿಡಿಯುವ ಜಾಗದಲ್ಲಿ ಲ್ಯಾಕರ್, ಅಂದರೆ ಮೇಲಿನ ತೆಳು ಮೆರುಗಿನ ಲೇಪ, ಹೋಗಿರುತ್ತದೆ. ಅರವತ್ತು ವರ್ಷದ ವಾದ್ಯ ಅಂಗಡಿಯಿಂದ ನಿನ್ನೆ ತಂದ ಹಾಗೆ ಹೊಳೆಯುತ್ತಿದ್ದರೆ ಯಾರೋ ಅದನ್ನು ಯಂತ್ರದಲ್ಲಿ ಉಜ್ಜಿ, ಹೊಸದಾಗಿ ಲ್ಯಾಕರ್ ಬಳಿದಿರಬಹುದು. ಬೆಳ್ಳಗಿರೋದೆಲ್ಲ ಹಾಲಲ್ಲ, ಅಲ್ವಾ? ಪತ್ತೆ ಹಚ್ಚುವುದು ಸುಲಭ. ಕೆತ್ತನೆಯ ಮೇಲೆ ಉಗುರು ಎಳೆಯಿರಿ. ಮೂಲ ಕೆತ್ತನೆ ಚುರುಕಾಗಿ ಉಗುರಿಗೆ ಸಿಗುತ್ತದೆ. ಉಜ್ಜಿದ್ದು ಸವೆದ ನಾಣ್ಯದ ಹಾಗೆ ನುಣ್ಣಗಿರುತ್ತದೆ. ಉಜ್ಜುವಾಗ ಲೋಹವೂ ಕೊಂಚ ಹೋಗುತ್ತದೆ, ಜೊತೆಗೆ ಹಳೆಯ ಚುಕ್ಕೆ, ಬೆಸುಗೆಗಳ ಗುರುತೂ ಮುಚ್ಚಿಹೋಗುತ್ತದೆ. ನಾನು ಕೊಂಡದ್ದು ಇದೇ. ಮಾರಿದವರು ಸುಳ್ಳು ಹೇಳಿರಲಿಲ್ಲ, "ನೋಡಿ ಹೇಗೆ ಹೊಳೀತಿದೆ" ಅಂದಿದ್ದರು ಅಷ್ಟೆ.

ಬೆಲ್ಲಿನ ನಗ್ಗು? ಅಂಚು ಸ್ವಲ್ಪ ಬಗ್ಗಿದ್ದರೆ, ಹೆಬ್ಬೆರಳಷ್ಟು ತಗ್ಗು ಇದ್ದರೆ ಚೌಕಾಸಿಗೆ ಒಳ್ಳೆಯ ನೆಪ. ಧ್ವನಿಗೆ ಹೇಳಿಕೊಳ್ಳುವಂಥ ಹಾನಿ ಇಲ್ಲ. ಕಾಗದ ಮಡಚಿದ ಹಾಗೆ ಗೆರೆ ಬಿದ್ದಿದ್ದರೆ ಮಾತ್ರ ಬೇಡ. ಅಲ್ಲಿ ಲೋಹ ಬಿರುಕು ಬಿಡುತ್ತದೆ.

ಇನ್ನು ಯಾವ ಅಳತೆಯದ್ದು ಅನ್ನುವ ಪ್ರಶ್ನೆ. ಟ್ರಾಂಬೋನಿನವರ ಮಾತಿನಲ್ಲಿ ಪದೇ ಪದೇ ಬರುವ ಪದ ಬೋರ್. ಅಂದರೆ ಸ್ಲೈಡಿನ ಒಳಕೊಳವೆಯ ಒಳ ವ್ಯಾಸ. ಅದನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುತ್ತಾರೆ. 0.500 ಇಂಚು, ಅಂದರೆ 12.7 ಮಿಲಿಮೀಟರ್, ಸಣ್ಣ ಬೋರ್. 0.525 ಮಧ್ಯಮ. 0.547, ಅಂದರೆ ಸುಮಾರು 13.9 ಮಿಲಿಮೀಟರ್, ದೊಡ್ಡ ಬೋರ್. ಸಣ್ಣದಕ್ಕೂ ದೊಡ್ಡದಕ್ಕೂ ವ್ಯತ್ಯಾಸ ಬರೀ ಒಂದು ಮಿಲಿಮೀಟರ್ ಚಿಲ್ಲರೆ. ಇಷ್ಟಕ್ಕೇನು ಅನ್ನಿಸುತ್ತದೆ. ಆದರೆ ಊದಿದವರಿಗೆ ಗೊತ್ತು, ದೊಡ್ಡ ಬೋರ್ ಉಸಿರನ್ನು ಕೇಳುತ್ತದೆ. ಅದರ ಧ್ವನಿ ಅಗಲ, ಗಂಭೀರ, ಆರ್ಕೆಸ್ಟ್ರಾಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಬೋರ್ ಬೇಗ ಮಾತಾಡುತ್ತದೆ, ಧ್ವನಿ ಚುರುಕು, ಜಾಝ್‌ಗೆ ಒಪ್ಪುತ್ತದೆ.

ಜೊತೆಗೆ ಎಫ್ ಅಟ್ಯಾಚ್‌ಮೆಂಟ್ ಅಂತ ಒಂದಿದೆ. ಎಲ್ಲರೂ ಕರೆಯುವುದು ಟ್ರಿಗರ್ ಅಂತ. ಲೈಪ್‌ಜಿಗ್‌ನ ಕ್ರಿಶ್ಚಿಯನ್ ಫ್ರೀಡ್ರಿಕ್ ಸಾಟ್ಲರ್ 1839ರಲ್ಲಿ ಮಾಡಿದ ಉಪಾಯ ಇದು. ಎಡಗೈ ಹೆಬ್ಬೆರಳಿನಿಂದ ಒತ್ತಿದರೆ ರೋಟರ್ ಅನ್ನುವ ಒಂದು ಕವಾಟ ತಿರುಗಿ, ಬೆಲ್ ಭಾಗದಲ್ಲಿ ಸುತ್ತಿಟ್ಟ ಹೆಚ್ಚುವರಿ ಕೊಳವೆ ದಾರಿಗೆ ಸೇರಿಕೊಳ್ಳುತ್ತದೆ. ಬಿ ಫ್ಲಾಟ್ ವಾದ್ಯ ಎಫ್ ವಾದ್ಯವಾಗುತ್ತದೆ. ಲಾಭ ಏನು? ಟ್ರಿಗರ್ ಇಲ್ಲದೆ ಕೆಳಗಿನ ಸಿ ಸ್ವರಕ್ಕೆ ಆರನೇ ಪೊಸಿಷನ್‌ಗೆ, ಬಿ ಸ್ವರಕ್ಕೆ ಏಳನೆಯದಕ್ಕೆ ಹೋಗಬೇಕು. ಟ್ರಿಗರ್ ಒತ್ತಿದರೆ ಸಿ ಒಂದನೆಯದರಲ್ಲೇ ಸಿಗುತ್ತದೆ, ಬಿ ಎರಡನೆಯದಕ್ಕಿಂತ ಕೊಂಚ ಆಚೆ. ತೋಳು ಇನ್ನೂ ಬೆಳೆಯುತ್ತಿರುವ ಹದಿಮೂರರ ಹುಡುಗಿಗೆ ಇದು ವರ. ಆದರೆ ತೂಕ ಜಾಸ್ತಿ, ಅದಷ್ಟೂ ಎಡಗೈ ಮೇಲೆ ಬೀಳುತ್ತದೆ. ಅದಕ್ಕೇ ಹತ್ತು ನಿಮಿಷ ಕೈಯಲ್ಲಿ ಹಿಡಿಸಿ ನೋಡಿ. ಹೆಬ್ಬೆರಳು ಟ್ರಿಗರ್‌ಗೆ ಸಲೀಸಾಗಿ ಎಟುಕಬೇಕು. ಕೆಲವು ಹಳೆಯ ವಾದ್ಯಗಳಲ್ಲಿ ಅದು ದೊಡ್ಡವರ ಕೈಗೇ ದೂರ.

ರೋಟರ್ ಪರೀಕ್ಷೆಗೂ ಒಂದು ಸುಲಭ ದಾರಿ ಇದೆ. ಟ್ರಿಗರ್ ಒತ್ತದೆ, ಆ ಹೆಚ್ಚುವರಿ ಎಫ್ ಕೊಳವೆಯ ಟ್ಯೂನಿಂಗ್ ಸ್ಲೈಡನ್ನು (ಶ್ರುತಿ ಹೊಂದಿಸುವ ಸಣ್ಣ ತುಂಡು) ಒಂದಿಂಚು ಹೊರಗೆಳೆದು ಎರಡು ಕ್ಷಣ ಕಾಯಿರಿ. ಆಮೇಲೆ ಟ್ರಿಗರ್ ಒತ್ತಿ. "ಪಕ್" ಅಂತ ಸದ್ದು ಬಂದರೆ ರೋಟರ್ ಗಾಳಿ ಹಿಡಿದಿತ್ತು. ಸದ್ದೇ ಇಲ್ಲದಿದ್ದರೆ ಸವೆದಿದೆ. ಟ್ರಿಗರ್ ಲಟಲಟ ಅಂದರೆ ಬೇಸರ ಬೇಡ, ಹೆಚ್ಚಿನ ಸಲ ಅದು ದಾರ ಅಥವಾ ಕೀಲಿನದ್ದು, ರೋಟರಿನದ್ದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೈಸ್ಕೂಲಿನ ಮೊದಲ ಎರಡು ವರ್ಷಕ್ಕೆ 0.500ರ ಆಸುಪಾಸಿನ, ಟ್ರಿಗರ್ ಇಲ್ಲದ ನೇರ ಟ್ರಾಂಬೋನ್ ಸಾಕು. ಆಮೇಲೂ ಆಸಕ್ತಿ ಉಳಿದು, ಆರ್ಕೆಸ್ಟ್ರಾ ಕಡೆ ಮನಸ್ಸು ಹೋದರೆ 0.547ಕ್ಕೆ ಹೋಗಲಿ. ಮೊದಲನೆಯದನ್ನು ಮಾರಬೇಕಿಲ್ಲ, ಜಾಝ್ ಬ್ಯಾಂಡಿಗೆ ಅದೇ ಬೇಕಾಗುತ್ತದೆ. ಕಲಿಸುವ ಮೇಷ್ಟ್ರು ಬೇರೆ ಹೇಳಿದರೆ ನನ್ನ ಮಾತು ಬಿಟ್ಟು ಅವರ ಮಾತು ಕೇಳಿ.

ಹೆಸರುಗಳ ವಿಷಯಕ್ಕೆ ಬಂದರೆ, ಹಳೆಯ ಟ್ರಾಂಬೋನ್ ಲೋಕದಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವುದು ನಾಲ್ಕೈದು ಅಮೆರಿಕನ್ ಕಂಪನಿಗಳು. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಓಲ್ಡ್ಸ್ ಅಂಬಾಸಡರ್. ಕ್ಯಾಲಿಫೋರ್ನಿಯಾದಲ್ಲಿ, ಮೊದಲು ಲಾಸ್ ಏಂಜಲೀಸ್, ಆಮೇಲೆ ಫುಲರ್ಟನ್‌ನಲ್ಲಿ ತಯಾರಾದದ್ದು. ಶಾಲಾ ಮಕ್ಕಳಿಗೆಂದೇ ಮಾಡಿದ್ದಾದರೂ ಗಟ್ಟಿಮುಟ್ಟು, ಕಾಟಾಚಾರದ ಕೆಲಸವಲ್ಲ. ಒಂದು ತೊಡಕಿದೆ. ಓಲ್ಡ್ಸ್ 1979ರಲ್ಲಿ ಬಾಗಿಲು ಹಾಕಿತು. ಮೂಲ ಬಿಡಿಭಾಗ ಬೇಕಾದರೆ ಇನ್ನೊಂದು ಹಳೆಯ ಓಲ್ಡ್ಸನ್ನೇ ಬಿಚ್ಚಬೇಕು. ಹಾಗಾಗಿ ಇದರಲ್ಲಿ ಸ್ಲೈಡ್ ಚೆನ್ನಾಗಿರುವುದು ಇನ್ನೂ ಮುಖ್ಯ.

ಕಿಂಗ್ ಟ್ರಾಂಬೋನುಗಳನ್ನು ಮಾಡಿದ್ದು ಓಹಾಯೋದ ಕ್ಲೀವ್‌ಲ್ಯಾಂಡ್‌ನ ಎಚ್.ಎನ್. ವೈಟ್ ಕಂಪನಿ. 3ಬಿ, ಬೋರ್ 0.508, ಎಲ್ಲ ಕಡೆ ಸಲ್ಲುವ ವಾದ್ಯ. ಬ್ಯಾಂಡಿಗೂ ಸರಿ, ಜಾಝ್‌ಗೂ ಸರಿ.

ಕಾನ್ 88ಎಚ್‌ನ ಕಥೆ ಸ್ವಲ್ಪ ಬೇರೆ. 0.547 ಬೋರ್, ಟ್ರಿಗರ್ ಇರುವ ಈ ವಾದ್ಯ 1950ರ ದಶಕದಲ್ಲಿ ಬಂತು. ಕಂಪನಿ 1970ರ ಸುಮಾರಿಗೆ ಇಂಡಿಯಾನಾದ ಎಲ್ಕಾರ್ಟ್ ಬಿಟ್ಟು ಟೆಕ್ಸಾಸ್‌ನ ಅಬಿಲೀನ್‌ಗೆ ಹೋಯಿತು. ಅದಕ್ಕೇ ಕಾನ್ ವಿಷಯದಲ್ಲಿ "ಎಲ್ಕಾರ್ಟ್" ಅಂದರೆ ಜನ ಕಿವಿ ನಿಮಿರಿಸುತ್ತಾರೆ. ಬಾಕ್ ವಿಷಯದಲ್ಲಿ ಇದು ತಲೆಕೆಳಗು. ವಿನ್ಸೆಂಟ್ ಬಾಕ್ 1953ರಲ್ಲಿ ತನ್ನ ಕಾರ್ಖಾನೆಯನ್ನು ನ್ಯೂಯಾರ್ಕ್ ಪಕ್ಕದ ಮೌಂಟ್ ವರ್ನನ್‌ಗೆ ಒಯ್ದ. 1961ರಲ್ಲಿ ಸೆಲ್ಮರ್ ಕಂಪನಿಗೆ ಮಾರಿದ. ಆ ದಶಕದ ಮಧ್ಯದಲ್ಲಿ ಕೆಲಸ ಎಲ್ಕಾರ್ಟ್‌ಗೆ ಬಂತು, ಆಮೇಲೆ ಅಲ್ಲೇ ಉಳಿಯಿತು. ಬಾಕ್ ಹುಡುಕುವವರು ಬಾಯಿ ಬಿಡುವುದು ಮೌಂಟ್ ವರ್ನನ್ ಹೆಸರಿಗೆ. ಒಂದೇ ಊರಿನ ಹೆಸರು ಒಂದು ಕಂಪನಿಯ ಬೆಲ್ ಮೇಲಿದ್ದರೆ ದುಬಾರಿ, ಇನ್ನೊಂದರ ಮೇಲಿದ್ದರೆ ಮಾಮೂಲಿ. ಮಾರುವವರು "ಎಲ್ಕಾರ್ಟ್ ಸಾರ್, ಎಲ್ಕಾರ್ಟ್" ಅಂದಾಗ ಯಾವ ಕಂಪನಿಯದು ಅಂತ ಕೇಳಿ. ಅದಕ್ಕಿಂತ ಮುಖ್ಯ, ಆ ಹೆಸರಿಗೆ ಕೊಡುವ ಹೆಚ್ಚಿನ ದುಡ್ಡು ಸಂಗ್ರಹಕಾರರ ಚಟಕ್ಕೆ. ವಿದ್ಯಾರ್ಥಿಗೆ ಸವೆದ ಎಲ್ಕಾರ್ಟ್‌ಗಿಂತ ಸವೆಯದ ಅಬಿಲೀನ್ ಮೇಲು.

1920, 30ರ ದಶಕದ ವಾದ್ಯಗಳು ಕೆಲವೊಮ್ಮೆ ಆಶ್ಚರ್ಯವಾಗುವಷ್ಟು ಅಗ್ಗಕ್ಕೆ ಸಿಗುತ್ತವೆ. ಸಣ್ಣ ಬೆಲ್, ಸಪೂರ ಕೊಳವೆ. ನೋಡಲು ಬಲು ಚಂದ, ಆದರೆ ಇವತ್ತಿನ ಶಾಲಾ ಬ್ಯಾಂಡಿನ ಧ್ವನಿಯ ಜೊತೆ ಬೆರೆಯುವುದಿಲ್ಲ. ಅದಕ್ಕೂ ಹಿಂದಿನವುಗಳಲ್ಲಿ ಇನ್ನೊಂದು ಅಪಾಯ ಇದೆ. ಆಗ ಎರಡು ಶ್ರುತಿಗಳು ಚಾಲ್ತಿಯಲ್ಲಿದ್ದವು. ಮೇಲಿನ ಶ್ರುತಿಗೆ ಮಾಡಿದ ವಾದ್ಯ ಈಗಿನ 440 ಹರ್ಟ್ಸ್‌ನ ಎ ಸ್ವರಕ್ಕೆ ಹೊಂದಿಕೊಳ್ಳುವುದು ಕಷ್ಟ. ಆದ್ದರಿಂದ ಎಷ್ಟೇ ಹಳೆಯದಿರಲಿ, ಟ್ಯೂನರ್ ಇಟ್ಟು ಊದಿಸಿ. ಬೆಲ್ ಭಾಗದ ಟ್ಯೂನಿಂಗ್ ಸ್ಲೈಡ್ ಒಂದೆರಡು ಸೆಂಟಿಮೀಟರ್ ಹೊರಗಿದ್ದಾಗ ಶ್ರುತಿ ಸೇರಬೇಕು. ಪೂರ್ತಿ ಒಳಗೆ ತಳ್ಳಿದರೂ ಕೆಳಗೇ ಉಳಿದರೆ, ಪೂರ್ತಿ ಎಳೆದರೂ ಮೇಲೇ ಉಳಿದರೆ, ಆ ವಾದ್ಯ ಬೇಡ. ಕೆಲವು ಸಲ ಒಂದು ವಾದ್ಯದ ಬೆಲ್ಲಿಗೆ ಇನ್ನೊಂದರ ಸ್ಲೈಡ್ ಜೋಡಿಸಿ ಮಾರುತ್ತಾರೆ. ಅದೂ ಇಲ್ಲೇ ಹೊರಬೀಳುತ್ತದೆ.

ಊದಿಸಲು ವಿದ್ಯಾರ್ಥಿಯದೇ ಮೌತ್‌ಪೀಸ್ ತೆಗೆದುಕೊಂಡು ಹೋಗಿ. ಅದರ ಬಾಲ ಸಣ್ಣದು, ದೊಡ್ಡದು ಅಂತ ಎರಡು ಅಳತೆಯಲ್ಲಿ ಬರುತ್ತದೆ. ಸಣ್ಣ ಬೋರಿಗೆ ಸಾಮಾನ್ಯವಾಗಿ ಸಣ್ಣದು, 0.547ಕ್ಕೆ ದೊಡ್ಡದು. ಹಳೆಯ ಎಲ್ಕಾರ್ಟ್ 88ಎಚ್ ಇಲ್ಲೂ ಹಠಮಾರಿ. ಅದರ ಬಾಯಿಯ ಇಳಿಜಾರು ಬೇರೆ, ಈಗಿನ ಮೌತ್‌ಪೀಸ್ ಸರಿಯಾಗಿ ಕೂರುವುದಿಲ್ಲ. ಮೌತ್‌ಪೀಸ್ ಹಾಕಿ ಅಲ್ಲಾಡಿಸಿ ನೋಡಿ, ಅಲುಗಬಾರದು.

ಪೆಟ್ಟಿಗೆಯನ್ನು ಯಾರೂ ನೋಡುವುದಿಲ್ಲ. ನೋಡಿ. ಒಳಗಿನ ಬಟ್ಟೆ ಹರಿದು, ಸ್ಲೈಡ್ ಹಿಡಿಯುವ ಕೊಕ್ಕೆ ಮುರಿದಿದ್ದರೆ, ಬಸ್ಸಿನ ಒಂದೇ ಪ್ರಯಾಣದಲ್ಲಿ ನಿಮ್ಮ ಹತ್ತು ನಿಮಿಷದ ಪರೀಕ್ಷೆಯೆಲ್ಲ ನೀರುಪಾಲು. ಹೊಸ ಪೆಟ್ಟಿಗೆಯ ಖರ್ಚನ್ನು ವಾದ್ಯದ ಲೆಕ್ಕದಲ್ಲೇ ಸೇರಿಸಿ. ಸಾಧ್ಯವಾದರೆ ರಿಪೇರಿಯವರಿಗೆ ತೋರಿಸಿ ತರುತ್ತೇನೆ, ಬೇಡವಾದರೆ ವಾಪಸ್ ಕೊಡುತ್ತೇನೆ ಅಂತ ಮೊದಲೇ ಮಾತಾಡಿಕೊಳ್ಳಿ. ಒಪ್ಪದವರ ಹತ್ತಿರ ನಾನೀಗ ವ್ಯವಹಾರ ಮಾಡುವುದಿಲ್ಲ.

ಹೊಳೆಯುವ ಮೊದಲ ಟ್ರಾಂಬೋನ್ ಬಿಡಿಭಾಗದ ಬೆಲೆಗೆ ಹೋಯಿತು. ಮಗನ ಕೈಯಲ್ಲಿ ಈಗಿರುವುದು ಒಂದು ಮಂಕು ಓಲ್ಡ್ಸ್. ಲ್ಯಾಕರ್ ಅರ್ಧ ಇಲ್ಲ, ಬೆಲ್ ಮೇಲೆ ಹೆಬ್ಬೆರಳಷ್ಟು ನಗ್ಗು. ಬ್ಯಾಂಡಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದು ಆ ನಗ್ಗಿನ ಬಗ್ಗೆಯೇ. ಅವನು ಏನೂ ಹೇಳುವುದಿಲ್ಲ. ಬೆಲ್ ಭಾಗ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಸ್ಲೈಡನ್ನು ನೇರ ನಿಲ್ಲಿಸಿ, ಕೆಳಗೆ ಕೈ ಇಟ್ಟು ಲಾಕ್ ತೆಗೆಯುತ್ತಾನೆ.